ವ್ರತ ಹುಡುಗರದು, ಹುಂಡಿ ಕಾಲೇಜಿನದು

1987ರ ಮಾರ್ಚ್ ಮೊದಲ ವಾರ ಟೆಕ್ಸಸ್ ಗವರ್ನರ್ ಬಿಲ್ ಕ್ಲೆಮೆಂಟ್ಸ್ ಪತ್ರಕರ್ತರ ಮುಂದೆ ಒಂದು ತಪ್ಪೊಪ್ಪಿಗೆ ಮಾಡಿಕೊಂಡರು. ಅವರು ಎರಡನೇ ಸಲ ಗವರ್ನರ್ ಆಗಿ ಪ್ರಮಾಣವಚನ ತೆಗೆದುಕೊಂಡು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಅದಕ್ಕೆ ಮುಂಚೆ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೆ ಅವರೇ ಅಧ್ಯಕ್ಷರು. ಅಲ್ಲಿನ ಫುಟ್‌ಬಾಲ್ ಹುಡುಗರಿಗೆ ಸಿರಿವಂತ ಅಭಿಮಾನಿಯೊಬ್ಬರ ಗುಪ್ತನಿಧಿಯಿಂದ ತಿಂಗಳು ತಿಂಗಳು ದುಡ್ಡು ಹೋಗುತ್ತಿತ್ತು. ಅದು ನಿಯಮಕ್ಕೆ ವಿರುದ್ಧವೆಂದು ಗೊತ್ತಿದ್ದೂ, ತಂಡ ಆಗಲೇ ಒಂದು ಶಿಕ್ಷೆಯಡಿ ಇದ್ದಾಗಲೂ, ಅದನ್ನು ಮುಂದುವರಿಸಲು ತಾವೂ ಒಪ್ಪಿದ್ದಾಗಿ ಹೇಳಿದರು. ಅವರ ಸಮರ್ಥನೆ ಸ್ವಾರಸ್ಯಕರವಾಗಿತ್ತು: ಹುಡುಗರಿಗೆ ಮಾತು ಕೊಟ್ಟಾಗಿದೆ, ಕೊಟ್ಟ ಮಾತನ್ನು ತಟ್ಟನೆ ಮುರಿಯುವುದು ಹೇಗೆ, ಈಗಿರುವವರು ಓದು ಮುಗಿಸಿ ಹೋಗುವ ತನಕ ಕೊಟ್ಟು ಆಮೇಲೆ ನಿಲ್ಲಿಸೋಣ ಎಂದು ತೀರ್ಮಾನವಾಗಿತ್ತಂತೆ. ಹಾಗಾದರೆ ಮುಂಚೆ ಕೇಳಿದಾಗ ಸುಳ್ಳು ಯಾಕೆ ಹೇಳಿದಿರಿ ಎಂಬುದಕ್ಕೆ, ಆ ಕೋಣೆಯಲ್ಲಿ ಬೈಬಲ್ ಇರಲಿಲ್ಲವಲ್ಲ ಎಂದುತ್ತರಿಸಿದರೆಂದು ಆಗಿನ ವರದಿಗಳಿವೆ.

ದುಡ್ಡಾದರೂ ಎಷ್ಟು? 1985-86ರಲ್ಲಿ 13 ಆಟಗಾರರಿಗೆ ಸೇರಿ ಸುಮಾರು 61,000 ಡಾಲರ್. ಕೆಲವರಿಗೆ ತಿಂಗಳಿಗೆ 50, ಹೆಚ್ಚೆಂದರೆ 725. ಇಷ್ಟಕ್ಕಾಗಿ ಕಾಲೇಜು ಕ್ರೀಡೆಯ ನಿಯಂತ್ರಣ ಸಂಸ್ಥೆ ಎನ್‌ಸಿಎಎ ಆ ವಿಶ್ವವಿದ್ಯಾಲಯದ 1987ರ ಸೀಸನ್ ಅನ್ನೇ ಪೂರ್ತಿ ರದ್ದು ಮಾಡಿತು. ಅಮೆರಿಕದ ಕ್ರೀಡಾಪುಟಗಳು ಇದನ್ನು ಇವತ್ತಿಗೂ ‘ಮರಣದಂಡನೆ’ ಎಂದೇ ಕರೆಯುತ್ತವೆ. ಮರುವರ್ಷ ಆಡುವ ಶಕ್ತಿ ವಿಶ್ವವಿದ್ಯಾಲಯಕ್ಕೇ ಉಳಿದಿರಲಿಲ್ಲ. ಮೆಥಡಿಸ್ಟ್ ಚರ್ಚಿನ ಬಿಷಪ್‌ಗಳು ಬೇರೆಯೇ ವಿಚಾರಣೆ ನಡೆಸಿ ಜೂನ್‌ನಲ್ಲಿ ವರದಿ ಕೊಟ್ಟರು. ಆಟಗಾರನ ಜೇಬಿಗೆ ದುಡ್ಡು ಹಾಕಿದ ಸಂಗತಿ ಬಿಷಪ್‌ಗಳ ಮಟ್ಟದಲ್ಲಿ ವಿಚಾರಣೆಯಾಗುವಷ್ಟು ದೊಡ್ಡ ಪಾಪವಾಗಿತ್ತು.

ಅದೇ ವಿಶ್ವವಿದ್ಯಾಲಯ 2024ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ದೊಡ್ಡ ಕೂಟಕ್ಕೆ ಸೇರಿತು. ಸೇರಿಸಿಕೊಂಡರೆ ಸಾಕು, ಒಂಬತ್ತು ವರ್ಷ ಟಿವಿ ಹಣದ ಪಾಲು ಬೇಡ ಎಂದು ಒಪ್ಪಿಕೊಂಡು ಸೇರಿತು. ಆ ಕೊರತೆ ತುಂಬಿಕೊಡಲು ಹಳೆಯ ವಿದ್ಯಾರ್ಥಿಗಳಾದ ಧನಿಕರು ನಿಂತರು. ಮೊದಲ ವರ್ಷವೇ ತಂಡ ರಾಷ್ಟ್ರಮಟ್ಟದ ಪ್ಲೇಆಫ್ ತಲುಪಿತು. ಈ ಹೊತ್ತಿಗೆ ಅಲ್ಲೂ, ಉಳಿದೆಲ್ಲ ದೊಡ್ಡ ತಂಡಗಳಲ್ಲೂ, ಆಟಗಾರರಿಗೆ ಅಭಿಮಾನಿಗಳ ಕೂಟಗಳಿಂದ ಹಣ ಬರುತ್ತಿತ್ತು. ಕದ್ದುಮುಚ್ಚಿ ಅಲ್ಲ, ಕರಾರುಪತ್ರದ ಮೇಲೆ, ಕಾನೂನಿನ ಒಪ್ಪಿಗೆಯಿಂದ. ಮೊತ್ತಗಳು ಕ್ಲೆಮೆಂಟ್ಸ್ ಕಾಲದವರು ಕನಸಿನಲ್ಲೂ ಎಣಿಸದಂಥವು.

ಹಾಗಾದರೆ 1987ರಲ್ಲಿ ನಡೆದದ್ದು ಪಾಪವೋ, ಬರೀ ನಿಯಮಭಂಗವೋ? ಪಾಪವಾಗಿದ್ದರೆ ಒಂದು ಸುತ್ತೋಲೆಯಿಂದ ಅದು ತೊಳೆದುಹೋಗುವುದು ಹೇಗೆ? ನಿಯಮಭಂಗ ಅಷ್ಟೇ ಆಗಿದ್ದರೆ ಅದಕ್ಕೆ ಅಷ್ಟೊಂದು ಧರ್ಮದ ಮಡಿ ಉಡಿಸಿದ್ದು ಯಾಕೆ? ಅಮೆರಿಕದ ಕಾಲೇಜು ಫುಟ್‌ಬಾಲ್ ಇನ್ನೂ ಹವ್ಯಾಸಿ ಆಟವೇ ಎಂಬ ಪ್ರಶ್ನೆ ಅಲ್ಲಿನ ಕೋರ್ಟುಗಳಲ್ಲಿ ನಲವತ್ತು ವರ್ಷದಿಂದ ಓಡಾಡುತ್ತಿದೆ. ಕೋರ್ಟಿನಲ್ಲಿ ಅದು ಏಕಸ್ವಾಮ್ಯದ ಕಾನೂನಿನ ಪ್ರಶ್ನೆ. ಆದರೆ ಅದರ ಬುಡದಲ್ಲಿರುವುದು ನಮಗೆಲ್ಲ ಪರಿಚಯವಿರುವ ಹಳೆಯ ಪ್ರಶ್ನೆಯೇ. ಫಲ ಬೇಡವೆಂದು ದುಡಿಯುವುದು ಒಂದು ಗುಣವಾದರೆ, ಆ ಗುಣವನ್ನು ಒಬ್ಬನ ಮೇಲೆ ಇನ್ನೊಬ್ಬ ಹೇರಬಹುದೇ?

ಆಟದ ಗಾತ್ರ ಹೇಳದೆ ಮುಂದೆ ಹೋಗುವಂತಿಲ್ಲ. ಇದು ನಾವು ಫುಟ್‌ಬಾಲ್ ಎನ್ನುವ ಆಟವಲ್ಲ. ಹೆಲ್ಮೆಟ್ಟು, ಭುಜಕ್ಕೆ ರಕ್ಷಾಕವಚ ಕಟ್ಟಿಕೊಂಡು, ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗೋಡೆ ಒಡೆದು ನುಗ್ಗುವ ಆಟ. ಇದನ್ನು ಆಡುವ ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ. ಆ ದೇಶದ ವೃತ್ತಿಪರ ಲೀಗಿನ ಯಾವ ತಂಡಕ್ಕೂ ಇಷ್ಟು ದೊಡ್ಡ ಅಂಗಳವಿಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದ ಕೋಚ್ ಕರ್ಬಿ ಸ್ಮಾರ್ಟ್ ಅವರ ಸಂಬಳ 2024ರ ಕರಾರಿನಂತೆ ವರ್ಷಕ್ಕೆ ಸುಮಾರು 1 ಕೋಟಿ 30 ಲಕ್ಷ ಡಾಲರ್. 2023ರ ನವೆಂಬರಿನಲ್ಲಿ ಟೆಕ್ಸಸ್ ಎ ಅಂಡ್ ಎಂ ತನ್ನ ಕೋಚ್ ಜಿಂಬೋ ಫಿಶರ್ ಅವರನ್ನು ಕೆಲಸದಿಂದ ತೆಗೆಯಿತು. ಇನ್ನು ಬರಬೇಡಿ ಎಂದು ಹೇಳುವುದಕ್ಕೆ ಅದು ಕೊಡಬೇಕಾಗಿ ಬಂದದ್ದು ಏಳೂವರೆ ಕೋಟಿ ಡಾಲರಿಗೂ ಹೆಚ್ಚು. ಪ್ಲೇಆಫ್ ಪಂದ್ಯಗಳ ಪ್ರಸಾರಕ್ಕೆ ಇಎಸ್‌ಪಿಎನ್ 2026ರಿಂದ ವರ್ಷಕ್ಕೆ ಸುಮಾರು 130 ಕೋಟಿ ಡಾಲರ್ ತೆರುತ್ತದೆ. ಇಷ್ಟೆಲ್ಲ ಹಣ ಹರಿಯುವ ಅಂಗಳದಲ್ಲಿ ದುಡ್ಡು ಮುಟ್ಟಬಾರದೆಂಬ ಮಡಿ ಬಹುಕಾಲ ಇದ್ದದ್ದು ಮೈ ಹಣ್ಣು ಮಾಡಿಕೊಳ್ಳುವ ಇಪ್ಪತ್ತರ ಹುಡುಗರಿಗೆ ಮಾತ್ರ.

ಒಂದಾನೊಂದು ಕಾಲದಲ್ಲಿ ಆಟ ಶುದ್ಧವಾಗಿತ್ತು, ಆಮೇಲೆ ಹಣ ಬಂದು ಕೆಡಿಸಿತು ಎಂಬ ಕಥೆಯನ್ನು ಅಮೆರಿಕನ್ನರು ಆಗಾಗ ಹೇಳಿಕೊಳ್ಳುತ್ತಾರೆ. ಅಂಥ ಕಾಲ ಇರಲಿಲ್ಲ. ಅಲ್ಲಿನ ಮೊದಲ ಅಂತರಕಾಲೇಜು ಸ್ಪರ್ಧೆ 1852ರ ಹಾರ್ವರ್ಡ್-ಯೇಲ್ ದೋಣಿ ಪಂದ್ಯ. ಅದನ್ನು ಏರ್ಪಡಿಸಿ ಖರ್ಚು ವಹಿಸಿದ್ದು ಒಂದು ರೈಲ್ವೆ ಕಂಪನಿ, ತನ್ನ ಹೊಸ ಮಾರ್ಗಕ್ಕೆ ಪ್ರವಾಸಿಗಳನ್ನು ಎಳೆಯಲು. ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ಮೊದಲ ಫುಟ್‌ಬಾಲ್ ಪಂದ್ಯ ನಡೆದದ್ದು ಅದಕ್ಕೆ ಹದಿನೇಳು ವರ್ಷ ತಡವಾಗಿ, 1869ರ ನವೆಂಬರ್ 6ರಂದು. ಅಂದರೆ ಆ ದೇಶದ ಕಾಲೇಜು ಕ್ರೀಡೆಯಲ್ಲಿ ಮೊದಲು ಬಂದದ್ದು ಪ್ರಾಯೋಜಕ, ಆಮೇಲೆ ಚೆಂಡು. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ದೊಡ್ಡ ವರದಿ ಬಂದು, ಆಟಗಾರರಿಗೆ ಒಳಗಿಂದೊಳಗೆ ದುಡ್ಡು, ನೌಕರಿ, ಸವಲತ್ತು ಕೊಡುವ ಪದ್ಧತಿ ದೇಶದ ತುಂಬ ಹಬ್ಬಿದೆಯೆಂದು ಹೇಳಿತು. ಓದಿದವರು ತಲೆ ಅಲ್ಲಾಡಿಸಿದರು. ಪಂದ್ಯಗಳು ನಡೆದವು.

ಹವ್ಯಾಸಿ ಎಂಬ ಆದರ್ಶವಾದರೂ ಎಲ್ಲಿಂದ ಬಂತು? ಗ್ರೀಕರಿಂದ ಎಂದು ಒಲಿಂಪಿಕ್ಸ್ ಭಾಷಣಗಳಲ್ಲಿ ಹೇಳುವುದುಂಟು. ಗ್ರೀಕರಲ್ಲಿ ಗೆದ್ದವನಿಗೆ ಊರಿನವರು ಹಣ, ಜೀವನಪೂರ್ತಿ ಊಟ ಎಲ್ಲ ಕೊಡುತ್ತಿದ್ದರು. ಆದರ್ಶದ ನಿಜವಾದ ತವರು ವಿಕ್ಟೋರಿಯಾ ಕಾಲದ ಇಂಗ್ಲೆಂಡ್. ಅಲ್ಲಿ ಹವ್ಯಾಸಿ ಎಂದರೆ ಹಣ ಮುಟ್ಟದವನು ಎಂಬುದಕ್ಕಿಂತ ಕೂಲಿ ಮಾಡದವನು ಎಂದಾಗಿತ್ತು. ಹೆನ್ಲಿ ದೋಣಿಸ್ಪರ್ಧೆಯ 1879ರ ನಿಯಮದಂತೆ ಕುಶಲಕರ್ಮಿ, ಕೂಲಿಗಾರ, ಮೈಮುರಿದು ದುಡಿಯುವ ಯಾರೂ ಹವ್ಯಾಸಿ ಆಗುವಂತಿರಲಿಲ್ಲ. ಹಣ ತೆಗೆದುಕೊಂಡಿದ್ದಾನೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಬಡಗಿ ಬಡಗಿಯಾಗಿದ್ದರೆ ಸಾಕು, ಅನರ್ಹ. ಕ್ರಿಕೆಟ್‌ನಲ್ಲಿ ಜಂಟಲ್‌ಮೆನ್ ಮತ್ತು ಪ್ಲೇಯರ್ಸ್ ಎಂಬ ಎರಡು ಜಾತಿ ಇದ್ದದ್ದು ನಮ್ಮ ಹಳೆಯ ಕ್ರಿಕೆಟ್ ಪ್ರೇಮಿಗಳಿಗೆ ಗೊತ್ತು. ಹೆಸರು ಬರೆಯುವುದರಲ್ಲೂ ಮಡಿ: ಶ್ರೀಮಂತ ಹವ್ಯಾಸಿಗೆ ಇನಿಷಿಯಲ್ ಹೆಸರಿನ ಮುಂದೆ, ಸಂಬಳದವನಿಗೆ ಹಿಂದೆ. ಅದು 1962ರ ಕೊನೆಗೆ ಹೋಯಿತು. ಹೊಟ್ಟೆಪಾಡಿನ ಚಿಂತೆಯಿಲ್ಲದವನು ದುಡ್ಡು ಬೇಡವೆನ್ನುವುದು ಎಷ್ಟರ ಮಟ್ಟಿಗಿನ ತ್ಯಾಗ ಎಂಬುದನ್ನು ಬೇರೆ ಬಿಡಿಸಿ ಹೇಳಬೇಕಿಲ್ಲ.

ಈ ಮಡಿ ಅಮೆರಿಕಕ್ಕೆ ಹೋಗಿ ಮೊದಲು ಬಲಿ ತೆಗೆದುಕೊಂಡವರಲ್ಲಿ ಜಿಮ್ ಥಾರ್ಪ್ ದೊಡ್ಡ ಹೆಸರು. ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನ ಹುಡುಗ. ಕಾರ್ಲೈಲ್ ಇಂಡಿಯನ್ ಶಾಲೆಯ ಫುಟ್‌ಬಾಲ್ ತಾರೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಥ್ಲಾನ್ ಎರಡರಲ್ಲೂ ಚಿನ್ನ. ಮರುವರ್ಷ ಎರಡೂ ಪದಕ ಕಿತ್ತುಕೊಂಡರು. ಕಾರಣ, ಅದಕ್ಕೆ ಮೊದಲು ಎರಡು ಬೇಸಿಗೆ ಸಣ್ಣ ಊರಿನ ಲೀಗಿನಲ್ಲಿ ಚಿಲ್ಲರೆ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರು. ಆಗ ಎಷ್ಟೋ ಕಾಲೇಜು ಹುಡುಗರು ಬೇಸಿಗೆಯಲ್ಲಿ ಹೀಗೆಯೇ ಆಡುತ್ತಿದ್ದರು, ಸುಳ್ಳು ಹೆಸರಿಟ್ಟುಕೊಂಡು. ಥಾರ್ಪ್ ಸ್ವಂತ ಹೆಸರಿನಲ್ಲಿ ಆಡಿದರು, ಅಷ್ಟೇ ವ್ಯತ್ಯಾಸ. ಅವರಿಗೆ ಪದಕಗಳ ಗೌರವ ಮರಳಿದ್ದು 1982ರಲ್ಲಿ, ತೀರಿಕೊಂಡು ಸುಮಾರು ಮೂರು ದಶಕದ ನಂತರ. ಏಕೈಕ ವಿಜೇತ ಎಂಬ ಮಾನ್ಯತೆ ಸಿಗಲು 2022 ಬರಬೇಕಾಯಿತು. ಸ್ಟಾಕ್‌ಹೋಮ್‌ನಲ್ಲಿ ಅವರಿಗೆ ಸೋತವರ ಪೈಕಿ ಏವರಿ ಬ್ರಂಡೇಜ್ ಎಂಬ ಸಹ ಆಟಗಾರ ಇದ್ದರು. ಆಮೇಲೆ ಕಟ್ಟಡ ಕಾಮಗಾರಿಯಲ್ಲಿ ಹಣ ಮಾಡಿದ ಬ್ರಂಡೇಜ್, 1952ರಿಂದ 1972ರವರೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದು, ಹವ್ಯಾಸಿ ಶುದ್ಧತೆಯ ಅತಿ ಕಟ್ಟುನಿಟ್ಟಿನ ಕಾವಲುಗಾರ ಎನಿಸಿಕೊಂಡರು.

ಕಾಲೇಜು ಫುಟ್‌ಬಾಲಿಗೆ ಮಡಿಯ ಶಾಸ್ತ್ರ ಬರೆದವರು ವಾಲ್ಟರ್ ಬೈಯರ್ಸ್. 1951ರಿಂದ 1987ರವರೆಗೆ ಎನ್‌ಸಿಎಎಯ ಕಾರ್ಯನಿರ್ವಾಹಕ ನಿರ್ದೇಶಕ. 1956ರಲ್ಲಿ ಈ ಸಂಸ್ಥೆ, ಆಟಕ್ಕಾಗಿಯೇ ಕೊಡುವ ಸ್ಕಾಲರ್‌ಶಿಪ್‌ಗೆ ಒಪ್ಪಿಗೆ ಕೊಟ್ಟಿತು. ಆಡುವುದಕ್ಕೆ ಪ್ರತಿಯಾಗಿ ಶುಲ್ಕ, ಊಟ, ವಸತಿ ಕೊಟ್ಟ ಮೇಲೆ ಅದು ಸಂಬಳವಲ್ಲದೆ ಮತ್ತೇನು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಎಬ್ಬಿಸಿದವಳು ಒಬ್ಬ ವಿಧವೆ.

ಕೊಲರಾಡೊ ರಾಜ್ಯದ ಫೋರ್ಟ್ ಲೂಯಿಸ್ ಎ ಅಂಡ್ ಎಂ ಎಂಬ ಸಣ್ಣ ಕಾಲೇಜಿನ ಪರವಾಗಿ ಆಡುತ್ತಿದ್ದ ರೇ ಡೆನಿಸನ್ 1955ರಲ್ಲಿ ಪಂದ್ಯದ ನಡುವೆ ತಲೆಗೆ ಪೆಟ್ಟು ಬಿದ್ದು ಸತ್ತರು. ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಸತ್ತವರ ಕುಟುಂಬಕ್ಕೆ ಸಿಗುವ ಪರಿಹಾರವನ್ನು ಆತನ ಹೆಂಡತಿ ಕೇಳಿದರು. ಕೆಲವೇ ವರ್ಷ ಹಿಂದೆ, 1953ರಲ್ಲಿ, ಅದೇ ರಾಜ್ಯದ ಸುಪ್ರೀಂ ಕೋರ್ಟು ಡೆನ್ವರ್ ವಿಶ್ವವಿದ್ಯಾಲಯದ ಗಾಯಾಳು ಆಟಗಾರನೊಬ್ಬನಿಗೆ ಪರಿಹಾರ ಸಲ್ಲುತ್ತದೆ ಎಂದಿತ್ತು. ಕಾಲೇಜುಗಳಿಗೆ ದಿಗಿಲು. ಈ ದಾವೆಗಳ ಭಯದಲ್ಲೇ ತಾವು ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಹೆಸರನ್ನು ಟಂಕಿಸಿ ಎಲ್ಲ ನಿಯಮಾವಳಿಗಳಲ್ಲೂ ತುಂಬಿದೆವೆಂದು ಬೈಯರ್ಸ್ 1995ರ ತಮ್ಮ ಪುಸ್ತಕದಲ್ಲಿ ತಾವೇ ಬರೆದಿದ್ದಾರೆ. ಆಟಗಾರ ನೌಕರನಲ್ಲ, ಓದಲು ಬಂದವನು, ಬಿಡುವಿನಲ್ಲಿ ಆಡುವವನು ಎಂದು ಪ್ರತಿ ಕಾಗದವೂ ಸಾರಬೇಕು. ಮಂತ್ರ ಫಲಿಸಿತು. 1957ರಲ್ಲಿ ಕೋರ್ಟು, ಕಾಲೇಜು ಫುಟ್‌ಬಾಲ್ ವ್ಯಾಪಾರ ನಡೆಸುತ್ತಿಲ್ಲವೆಂದು ಹೇಳಿ ವಿಧವೆಯ ಅರ್ಜಿ ತಳ್ಳಿಹಾಕಿತು. 1974ರಲ್ಲಿ ಅಲಬಾಮಾ ವಿರುದ್ಧ ಆಡುವಾಗ ಬೆನ್ನುಹುರಿ ಜಖಂಗೊಂಡು ಮೈ ಸ್ವಾಧೀನ ಕಳೆದುಕೊಂಡ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಕೆಂಟ್ ವಾಲ್‌ಡ್ರೆಪ್ ಅವರೂ ಇದೇ ಪರಿಹಾರ ಕೇಳಿ, 2000ದಲ್ಲಿ ಅಪೀಲು ಕೋರ್ಟಿನಲ್ಲಿ ಸೋತರು. ನೌಕರನಲ್ಲ, ವಿದ್ಯಾರ್ಥಿ.

ಬೈಯರ್ಸ್ ಕೊನೆಗಾಲದಲ್ಲಿ ತಾವು ಕಟ್ಟಿದ ಗುಡಿಗೆ ತಾವೇ ಬೆನ್ನು ತಿರುಗಿಸಿದರು. ಇದು ಗುಲಾಮರ ತೋಟದ ಧಣಿಗಳ ಮನೋಭಾವ ಎಂಬ ಅರ್ಥದ ಮಾತನ್ನೇ ಆ ಪುಸ್ತಕದಲ್ಲಿ ಆಡಿದ್ದಾರೆ. ದೊಡ್ಡ ತಂಡಗಳ ಆಟಗಾರರಲ್ಲಿ ಕಪ್ಪು ಜನರ ಸಂಖ್ಯೆ ಎಷ್ಟೆಂದು ನೋಡಿದವರಿಗೆ ಆ ಮಾತಿನ ತೂಕ ಗೊತ್ತಾಗುತ್ತದೆ.

ಮಡಿ ಒಮ್ಮೆ ಶುರುವಾದರೆ ಅದಕ್ಕೆ ಕೊನೆಯಿಲ್ಲ. ಎನ್‌ಸಿಎಎ ನಿಯಮದಂತೆ ಒಂದು ಕಾಲದಲ್ಲಿ ಆಟಗಾರರಿಗೆ ಊಟದ ಹೊತ್ತು ಬಿಟ್ಟು ಬೇರೆ ಸಮಯದಲ್ಲಿ ಬೇಗಲ್ ಎಂಬ ಬನ್ನು ಕೊಡಬಹುದಿತ್ತು. ಅದರ ಮೇಲೆ ಬೆಣ್ಣೆಯೋ ಚೀಸೋ ಸವರಿದರೆ ಅದು ‘ಊಟ’ವಾಗಿ ನಿಯಮ ಮುರಿಯುತ್ತಿತ್ತು. ಮುಸುರೆ ಯಾವುದು, ಮಡಿ ಯಾವುದು ಎಂದು ತರ್ಕಿಸುತ್ತಿದ್ದ ನಮ್ಮ ಅಜ್ಜಿಯಂದಿರು ಈ ಅಧಿಕಾರಿಗಳ ಜೊತೆ ಸಲೀಸಾಗಿ ಮಾತಾಡಬಹುದಿತ್ತು. 2010ರಲ್ಲಿ ಜಾರ್ಜಿಯಾ ತಂಡದ ಎ. ಜೆ. ಗ್ರೀನ್ ತಾನು ಪಂದ್ಯದಲ್ಲಿ ತೊಟ್ಟ ಜರ್ಸಿಯನ್ನು 1,000 ಡಾಲರಿಗೆ ಮಾರಿದ್ದಕ್ಕೆ ನಾಲ್ಕು ಪಂದ್ಯ ಹೊರಗೆ ಕೂತರು. ಅವರು ಹೊರಗೆ ಕೂತಿದ್ದಾಗಲೂ ಅದೇ 8ನೇ ನಂಬರಿನ ಜರ್ಸಿಗಳು ತಂಡದ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು. ಬೆವರು ಬಿದ್ದ ಜರ್ಸಿ ಮಾರಿದರೆ ಅಪವಿತ್ರ, ಕಾರ್ಖಾನೆಯಿಂದ ಬಂದದ್ದು ಮಾರಿದರೆ ಪ್ರಸಾದ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮದು. ಇಲ್ಲಿ ಪೂಜಾರಿ ಕೊಡದಿದ್ದುದಷ್ಟೇ ಅಲ್ಲ, ಕೈ ಚಾಚಿದ ಭಕ್ತನಿಗೆ ದಂಡವನ್ನೂ ಹಾಕಿದ.

ಈ ಜಾಗದಲ್ಲಿ ಗೀತೆ ನೆನಪಾಗದೆ ಇರದು. ಕರ್ಮದಲ್ಲಿ ಅಧಿಕಾರ, ಫಲದಲ್ಲಿಲ್ಲ ಎಂಬ ಉಪದೇಶ ಗೊತ್ತಿಲ್ಲದವರು ನಮ್ಮಲ್ಲಿಲ್ಲ. ಮೇಲ್ನೋಟಕ್ಕೆ ಎನ್‌ಸಿಎಎಯ ಹವ್ಯಾಸಿ ಸಿದ್ಧಾಂತ ಅದರ ಅಮೆರಿಕನ್ ಮುದ್ರಣದಂತಿದೆ: ಆಡು, ಗೆಲುವಿನ ಹಣದ ಆಸೆ ಬಿಡು. ಆದರೆ ಕೃಷ್ಣ ಅರ್ಜುನನಿಗೆ ಫಲದ ಆಸೆ ಬಿಡು ಎಂದನೇ ಹೊರತು, ಬಿಟ್ಟ ಫಲವನ್ನು ಎತ್ತಿ ನನ್ನ ಖಜಾನೆಗೆ ಹಾಕು ಎನ್ನಲಿಲ್ಲ. ಉಪದೇಶ ಮಾಡಿದವನಿಗೆ ಹಸ್ತಿನಾಪುರದಲ್ಲಿ ಪಾಲು ಇರಲಿಲ್ಲ. ಇನ್ನೊಂದು ಮಾತೂ ಇದೆ: ಎಲ್ಲ ಹೇಳಿದ ಮೇಲೆ, ಚೆನ್ನಾಗಿ ವಿಚಾರ ಮಾಡಿ ನಿನಗೆ ಸರಿ ಕಂಡಂತೆ ಮಾಡು ಎಂದು ಅರ್ಜುನನಿಗೇ ಬಿಟ್ಟ. ಬೇಡವೆನ್ನುವ ಅವಕಾಶ ಇದ್ದವನ ತ್ಯಾಗಕ್ಕೆ ಮಾತ್ರ ತ್ಯಾಗವೆಂಬ ಹೆಸರು. ಜಾರ್ಜಿಯಾದ ಹುಡುಗ ಹಣ ಬಿಟ್ಟದ್ದಲ್ಲ, ಅವನಿಂದ ಬಿಡಿಸಿದ್ದು. ಅವನ ಆಟ ನಿಷ್ಕಾಮವಾಗಿತ್ತೋ ಇಲ್ಲವೋ ಹೇಳುವ ದಾರಿಯೇ ಯಾರಿಗೂ ಇರಲಿಲ್ಲ.

ಹಣ ಬಂದರೆ ಪ್ರೀತಿ ಸಾಯುತ್ತದೆಯೇ ಎಂಬುದು ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆ. ಇದನ್ನು ಚೆನ್ನಾಗಿ ಬಿಡಿಸಿದ ತತ್ವಜ್ಞಾನಿ ಆಲಸ್ಡೇರ್ ಮ್ಯಾಕಿಂಟೈರ್, 2025ರ ಮೇ ತಿಂಗಳಲ್ಲಿ ತೀರಿಕೊಂಡವರು. 1981ರ ‘ಆಫ್ಟರ್ ವರ್ಚ್ಯೂ’ ಪುಸ್ತಕದಲ್ಲಿ ಅವರು ಕೊಡುವ ಉದಾಹರಣೆ ಚದುರಂಗ ಕಲಿಯುವ ಮಗುವಿನದು. ಆಡಿದರೆ ಮಿಠಾಯಿ, ಗೆದ್ದರೆ ಇನ್ನಷ್ಟು ಮಿಠಾಯಿ ಎಂದು ಮಗುವನ್ನು ಕೂರಿಸುತ್ತಾರೆ. ಮಿಠಾಯಿಗಷ್ಟೇ ಆಡುವ ತನಕ ಆ ಮಗುವಿಗೆ ಮೋಸ ಮಾಡಬಾರದೆನ್ನಲು ಒಂದು ಕಾರಣವೂ ಇಲ್ಲ. ಆದರೆ ಆಡುತ್ತ ಆಡುತ್ತ ಒಂದು ದಿನ ನಡೆಯ ಲೆಕ್ಕಾಚಾರದ ಸುಖ, ಸ್ಪರ್ಧೆಯ ತೀವ್ರತೆ ಅದಕ್ಕೇ ರುಚಿಸತೊಡಗುತ್ತವೆ. ಆಮೇಲೆ ಮೋಸ ಮಾಡಿದರೆ ಸೋಲುವುದು ತಾನೇ. ಆಟದೊಳಗೆ ಮಾತ್ರ ಸಿಗುವ ಸುಖ ಒಂದು, ಆಟದಿಂದ ಸಿಕ್ಕರೂ ಬೇರೆ ದಾರಿಯಲ್ಲೂ ಸಿಗಬಹುದಾದ ಹಣ, ಹೆಸರು, ಅಧಿಕಾರ ಇನ್ನೊಂದು. ಎರಡೂ ಒಬ್ಬನಲ್ಲೇ ಇರಬಹುದು; ಸಂಬಳ ಪಡೆಯುವ ಸಂಗೀತಗಾರ ರಾಗದಲ್ಲಿ ಮುಳುಗುವುದಿಲ್ಲವೇ. ಮ್ಯಾಕಿಂಟೈರ್ ಅವರ ಭಯ ಇದ್ದದ್ದು ಬೇರೆ ಕಡೆ. ಯಾವ ಕಲೆಗೂ ಆಟಕ್ಕೂ ಒಂದು ಸಂಸ್ಥೆ ಬೇಕು, ಸಂಸ್ಥೆಗಳ ಹಸಿವು ಸದಾ ಹಣ, ಅಧಿಕಾರದ್ದು, ಆ ಹಸಿವು ಆಟವನ್ನು ಒಳಗಿನಿಂದ ತಿನ್ನಬಹುದು ಎಂದರು. ಕೆಡುವ ಅಪಾಯ ಆಟಗಾರನಿಗಿಂತ ಸಂಸ್ಥೆಗೇ ಹೆಚ್ಚು.

ಮ್ಯಾಕಿಂಟೈರ್ ತಮ್ಮ ಕೊನೆಯ ದಶಕಗಳ ಅಧ್ಯಾಪನ ಬಹುಪಾಲು ನಡೆಸಿದ್ದು ಇಂಡಿಯಾನಾದ ನೋಟ್ರೆ ಡೇಮ್‌ನಲ್ಲಿ. ಕ್ಯಾಥೊಲಿಕ್ ವಿಶ್ವವಿದ್ಯಾಲಯ, ಫುಟ್‌ಬಾಲಿನ ಪುಣ್ಯಕ್ಷೇತ್ರ. ಅಲ್ಲಿನ ಗ್ರಂಥಾಲಯದ ಗೋಡೆಯ ತುಂಬ 1964ರಲ್ಲಿ ಕ್ರಿಸ್ತನ ಬೃಹತ್ ಭಿತ್ತಿಚಿತ್ರ ಮಾಡಿದರು. ಕ್ರೀಡಾಂಗಣದಿಂದ ನೋಡಿದರೆ, ಎತ್ತಿದ ಆ ಎರಡು ಕೈ ಅಂಕ ಬಂತೆಂದು ರೆಫರಿ ಸಂಜ್ಞೆ ಮಾಡಿದ ಹಾಗೆ ಕಾಣುತ್ತದೆ; ಹಾಗಾಗಿ ಜನರ ಬಾಯಲ್ಲಿ ಅವನು ‘ಟಚ್‌ಡೌನ್ ಜೀಸಸ್’. ಈ ಒಂದೇ ತಂಡದ ತವರು ಪಂದ್ಯಗಳನ್ನು ಎನ್‌ಬಿಸಿ 1991ರಿಂದ ದೇಶಕ್ಕೆಲ್ಲ ತೋರಿಸುತ್ತ ಬಂದಿದೆ. ಸಂಸ್ಥೆ ಆಟವನ್ನು ತಿನ್ನುವ ಬಗ್ಗೆ ಬರೆದವರಿಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗುವ ತೊಂದರೆ ಇರಲಿಲ್ಲ.

ಎದುರು ವಾದ ಹಗುರವಾದದ್ದಲ್ಲ. ಒಳ್ಳೆಯ ಕಾಲೇಜಿನ ನಾಲ್ಕು ವರ್ಷದ ಶುಲ್ಕ, ಊಟ, ವಸತಿ ಲಕ್ಷಾಂತರ ಡಾಲರಿನ ಬಾಬ್ತು. ಎಷ್ಟೋ ಬಡಮನೆಯ ಹುಡುಗರಿಗೆ ಪದವಿಯ ದಾರಿ ಅದೊಂದೇ. ವೃತ್ತಿಪರ ಲೀಗಿಗೆ ಹೋಗುವವರು ನೂರರಲ್ಲಿ ಒಬ್ಬಿಬ್ಬರು. ಅಭಿಮಾನಿಗೆ ಕಾಲೇಜು ತಂಡದ ಮೇಲಿರುವ ಮಮತೆಯೂ ಬೇರೆ ಬಗೆಯದು: ಆ ಹುಡುಗ ನಾನು ಓದಿದ ತರಗತಿಯಲ್ಲಿ ಕೂರುತ್ತಾನೆ, ನನ್ನ ಊರವನಾಗಿ ನಾಲ್ಕು ವರ್ಷ ಇರುತ್ತಾನೆ ಎಂಬ ಭಾವ. ಈಗ ಆ ಎಳೆ ಸವೆಯುತ್ತಿರುವುದು ನಿಜ. 2021ರ ನಂತರ ಆಟಗಾರರು ವರ್ಷ ವ್ಯರ್ಥವಾಗದೆ ಕಾಲೇಜು ಬದಲಿಸಬಹುದು. 2025ರ ಏಪ್ರಿಲಿನಲ್ಲಿ ಟೆನೆಸೀ ತಂಡದ ಮುಖ್ಯ ಆಟಗಾರ ನಿಕೊ ಯಾಮಾಲಿಯಾವ, ಹಣದ ಮಾತುಕತೆ ಮುರಿದುಬಿದ್ದ ಸುದ್ದಿಗಳ ನಡುವೆ ತಂಡ ಬಿಟ್ಟು ಲಾಸ್ ಏಂಜಲಿಸ್‌ನ ಯುಸಿಎಲ್‌ಎ ಸೇರಿದರು. ಹಳಬರು ಸಿಟ್ಟಾದರು, ನಿಷ್ಠೆ ಎಲ್ಲಿ ಹೋಯಿತೆಂದು ಕೇಳಿದರು.

ಕೇಳಬೇಕಾದ್ದೇ. ಆದರೆ ನಿಷ್ಠೆಯ ಪಾಠ ಮೊದಲು ಮರೆತವರು ಯಾರು? ಲಾಸ್ ಏಂಜಲಿಸ್‌ನ ಎರಡು ದೊಡ್ಡ ವಿಶ್ವವಿದ್ಯಾಲಯಗಳು ನೂರು ವರ್ಷದ ಹಳೆಯ ಪಶ್ಚಿಮ ಕರಾವಳಿಯ ಕೂಟ ಬಿಟ್ಟು, ಟಿವಿ ಹಣಕ್ಕಾಗಿ ನಡುಪಶ್ಚಿಮದ ಬಿಗ್ ಟೆನ್ ಸೇರಲು 2022ರಲ್ಲೇ ತೀರ್ಮಾನಿಸಿದವು. ಮರುವರ್ಷ ಆ ಹಳೆಯ ಕೂಟ ಕುಸಿಯಿತು. ಪೆಸಿಫಿಕ್ ಸಾಗರದ ಮಗ್ಗುಲಲ್ಲಿರುವ ಸ್ಟ್ಯಾನ್‌ಫರ್ಡ್, ಬರ್ಕ್ಲಿ ವಿಶ್ವವಿದ್ಯಾಲಯಗಳು ಈಗ ಅಟ್ಲಾಂಟಿಕ್ ಕರಾವಳಿಯ ಕೂಟದ ಸದಸ್ಯರು. ಒಂದು ಪೈಸೆ ಟಿವಿ ಹಣ ತರದ ವಾಲಿಬಾಲ್, ಸಾಕರ್ ಆಡುವ ಹುಡುಗಿಯರೂ ತರಗತಿ ತಪ್ಪಿಸಿಕೊಂಡು ಖಂಡ ದಾಟಿ ಹಾರಬೇಕು. ವಿದ್ಯಾರ್ಥಿಯ ಹಿತ ಮೊದಲು ಎನ್ನುವ ಸಂಸ್ಥೆ ಈ ನಕ್ಷೆ ಬರೆಯುತ್ತಿರಲಿಲ್ಲ.

ಕೋರ್ಟಿನ ಕಥೆಯೂ ಇದನ್ನೇ ಹೇಳುತ್ತದೆ. 1984ರಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಟಿವಿ ಪ್ರಸಾರದ ಮೇಲೆ ಎನ್‌ಸಿಎಎ ಹಾಕಿದ್ದ ಕಟ್ಟುಪಾಡನ್ನು 7-2ರಿಂದ ತೆಗೆದುಹಾಕಿತು. ಪಂದ್ಯಗಳನ್ನು ಬೇಕಾದವರಿಗೆ ಬೇಕಾದ ಬೆಲೆಗೆ ಮಾರುವ ಸ್ವಾತಂತ್ರ್ಯ ಕಾಲೇಜುಗಳಿಗೆ ಬಂತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಸ್ಟೀವನ್ಸ್, ಹವ್ಯಾಸಿ ಪರಂಪರೆಯ ಗುಣಗಾನವನ್ನೂ ಸೇರಿಸಿದರು. ಮಾರುಕಟ್ಟೆ ಸಂಸ್ಥೆಗೆ, ಪರಂಪರೆ ಹುಡುಗರಿಗೆ ಎಂಬ ಈ ಹಂಚಿಕೆ ಮೂವತ್ತೇಳು ವರ್ಷ ನಡೆಯಿತು. 2021ರ ಜೂನ್ 21ರ ಆಲ್ಸ್ಟನ್ ತೀರ್ಪಿನಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಕೆಲಸಗಾರರಿಗೆ ಸಂಬಳ ಕೊಡದಿರುವುದೇ ನಮ್ಮ ಸರಕಿನ ವಿಶೇಷ ಎಂದು ಹೇಳಿಕೊಳ್ಳಲು ದೇಶದ ಬೇರಾವ ಉದ್ಯಮಕ್ಕೂ ಅವಕಾಶವಿಲ್ಲ ಎಂಬ ಆಶಯದ ಕಟುಮಾತು ಬರೆದ ಬ್ರೆಟ್ ಕ್ಯಾವನಾ ಸಂಪ್ರದಾಯವಾದಿ ನ್ಯಾಯಮೂರ್ತಿ. ಹತ್ತು ದಿನದೊಳಗೆ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿಕೊಂಡು ಜಾಹೀರಾತಿನಿಂದ ಸಂಪಾದಿಸಲು ಎನ್‌ಸಿಎಎ ಬಿಟ್ಟುಕೊಟ್ಟಿತು.

ಹುಡುಗರ ಶುದ್ಧತೆಯನ್ನು ಇಷ್ಟು ಕಾಲ ಅಳೆದದ್ದಾಯಿತು; ವಿಶ್ವವಿದ್ಯಾಲಯ ತನ್ನ ಕೆಲಸವನ್ನು ಪ್ರೀತಿಗಾಗಿ ಮಾಡುತ್ತಿದೆಯೇ ಎಂದು ಅಳೆಯುವವರು ಕಡಿಮೆ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಹದಿನೆಂಟು ವರ್ಷ, 1993ರಿಂದ 2011ರವರೆಗೆ, ತರಗತಿಯೇ ನಡೆಯದ ಕೋರ್ಸುಗಳಿದ್ದವು. ಕೊನೆಗೊಂದು ಪ್ರಬಂಧ ಕೊಟ್ಟರೆ ಒಳ್ಳೆಯ ಅಂಕ. ಅಂಕ ಹಾಕಿದ್ದು ಬಹುಪಾಲು ಕಚೇರಿಯ ಸಿಬ್ಬಂದಿ. 2014ರ ತನಿಖಾ ವರದಿಯಂತೆ ಇದರ ಲಾಭ ಪಡೆದವರು ಸುಮಾರು 3,100 ವಿದ್ಯಾರ್ಥಿಗಳು, ಅರ್ಧದ ಹತ್ತಿರ ಕ್ರೀಡಾಪಟುಗಳು. 2017ರಲ್ಲಿ ಎನ್‌ಸಿಎಎ ಈ ಕೋರ್ಸುಗಳ ವಿಷಯದಲ್ಲಿ ವಿಶ್ವವಿದ್ಯಾಲಯಕ್ಕೆ ಯಾವ ಶಿಕ್ಷೆಯನ್ನೂ ಕೊಡಲಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ: ಆ ಬೋಗಸ್ ಕೋರ್ಸು ಆಟಗಾರರಿಗಷ್ಟೇ ಮೀಸಲಾಗಿರಲಿಲ್ಲ, ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿತ್ತು. ಜರ್ಸಿ ಮಾರಿದವನಿಗೆ ನಾಲ್ಕು ಪಂದ್ಯ ನಿಷೇಧ. ಪಾಠ ಮಾಡದೆ ಅಂಕ ಕೊಟ್ಟವರಿಗೆ ಏನೂ ಇಲ್ಲ.

ಬೇರೆ ದಾರಿ ಹಿಡಿದವರೂ ಇದ್ದಾರೆ. ಷಿಕಾಗೊ ವಿಶ್ವವಿದ್ಯಾಲಯ ಬಿಗ್ ಟೆನ್ ಕೂಟ ಕಟ್ಟಿದವರಲ್ಲಿ ಒಂದು. ಅಮೋಸ್ ಅಲೊಂಜೊ ಸ್ಟ್ಯಾಗ್ ಎಂಬ ದೊಡ್ಡ ಕೋಚ್ ಅಲ್ಲಿ ನಾಲ್ಕು ದಶಕ ಇದ್ದರು. ಈಗ ಹೈಸ್‌ಮನ್ ಟ್ರೋಫಿ ಎನಿಸಿಕೊಂಡಿರುವ, ದೇಶದ ಅತ್ಯುತ್ತಮ ಕಾಲೇಜು ಆಟಗಾರನ ಪ್ರಶಸ್ತಿ 1935ರಲ್ಲಿ ಮೊಟ್ಟಮೊದಲು ಹೋದದ್ದು ಅಲ್ಲಿನ ಜೇ ಬರ್ವಾಂಗರ್‌ಗೆ. ನಾಲ್ಕು ವರ್ಷದ ಬಳಿಕ ಅಧ್ಯಕ್ಷ ರಾಬರ್ಟ್ ಮೇನಾರ್ಡ್ ಹಚಿನ್ಸ್ ಫುಟ್‌ಬಾಲ್ ತಂಡವನ್ನೇ ಮುಚ್ಚಿಬಿಟ್ಟರು. ಓದಿನ ಮನೆಗೂ ಈ ಜಾತ್ರೆಗೂ ಸಂಬಂಧವಿಲ್ಲ ಎಂಬುದು ಅವರ ಖಚಿತ ನಿಲುವು. ಖಾಲಿ ಬಿದ್ದ ಸ್ಟ್ಯಾಗ್ ಮೈದಾನದ ಪ್ರೇಕ್ಷಕರ ಮೆಟ್ಟಿಲುಗಳ ಅಡಿಯಲ್ಲಿ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಬಳಗ ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆಸಿತು. ಅದೇ ಮೈದಾನದ ಜಾಗದಲ್ಲಿ 1970ರಲ್ಲಿ ರೆಗೆನ್‌ಸ್ಟೈನ್ ಗ್ರಂಥಾಲಯ ಎದ್ದಿತು. ವಚನಗಳನ್ನು ಇಂಗ್ಲಿಷಿಗೆ ಕೊಂಡೊಯ್ದ ಮೈಸೂರಿನ ಎ. ಕೆ. ರಾಮಾನುಜನ್ ಕೊನೆಯವರೆಗೂ ಪಾಠ ಹೇಳಿದ್ದು ಈ ವಿಶ್ವವಿದ್ಯಾಲಯದಲ್ಲೇ. ಫುಟ್‌ಬಾಲ್ ಕೂಡ 1969ರಲ್ಲಿ ಮರಳಿತು, ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲದ ಕೆಳ ವಿಭಾಗದಲ್ಲಿ. ಶನಿವಾರ ಅಲ್ಲಿ ಆಡುವ ಹುಡುಗರಿಗೆ ಟಿವಿ ಇಲ್ಲ, ಲಕ್ಷದ ಜನಜಂಗುಳಿಯಿಲ್ಲ, ಹಾಗಾಗಿ ಅವರ ಹವ್ಯಾಸಿತನವನ್ನು ಕಾಯಲು ವಕೀಲರೂ ಬೇಕಾಗಿಲ್ಲ. ಸಂಸ್ಥೆ ಮೊದಲು ತನ್ನ ಪಾಲು ಬಿಟ್ಟದ್ದರಿಂದ ಹುಡುಗರು ಬಿಟ್ಟದ್ದಕ್ಕೂ ಅರ್ಥ ಬಂತು ಎನ್ನಬಹುದು. ದೊಡ್ಡ ಕೂಟದ ಉಳಿದ ವಿಶ್ವವಿದ್ಯಾಲಯಗಳಲ್ಲಿ ಯಾವುದೂ ಈ ದಾರಿ ಹಿಡಿಯಲಿಲ್ಲ.

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ದಾವೆಯ ರಾಜಿಗೆ ಒಪ್ಪಿಗೆಯ ಮುದ್ರೆ ಒತ್ತಿದರು. ಹಿಂದೆ ಆಡಿ ಹೋದವರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಬಾಕಿ. ಈಗ ಆಡುತ್ತಿರುವವರಿಗೆ ಆ ಜುಲೈಯಿಂದ ಕಾಲೇಜುಗಳೇ ನೇರವಾಗಿ, ಮೊದಲ ವರ್ಷ ತಲಾ 2 ಕೋಟಿ 5 ಲಕ್ಷ ಡಾಲರಿನವರೆಗೆ ಹಂಚಬಹುದು. ಹವ್ಯಾಸಿ ಯುಗ ಮುಗಿಯಿತೆಂದು ಪತ್ರಿಕೆಗಳು ಬರೆದವು. ಆದರೆ ಕಾಲೇಜುಗಳು ಆಟಗಾರರ ಕೈಗಿಡುವ ಕರಾರನ್ನು ಬಿಡಿಸಿ ಓದಿದರೆ ಸಾಮಾನ್ಯವಾಗಿ ಕಾಣುವುದು, ಈ ಹಣ ಆಡಿದ್ದಕ್ಕೆ ಕೊಡುವ ಸಂಬಳವಲ್ಲ, ಅವನ ಹೆಸರು, ಮುಖ ಬಳಸುವ ಹಕ್ಕಿಗೆ ತೆರುವ ಬಾಡಿಗೆ ಎಂಬ ಮಾತು. ಸಂಬಳ ಎಂದರೆ ನೌಕರನಾಗುತ್ತಾನೆ. ನೌಕರನಾದರೆ ಸಂಘ, ಕೆಲಸದ ಗಂಟೆ, ಅಪಘಾತ ಪರಿಹಾರ ಎಲ್ಲ ಬರುತ್ತವೆ. ಲಕ್ಷಾಂತರ ಡಾಲರಿನ ಕರಾರಿರುವ ಹುಡುಗ ಈ ಶನಿವಾರ ಮೈದಾನದಲ್ಲಿ ಕುತ್ತಿಗೆ ಮುರಿದುಕೊಂಡರೆ, ವಿಮೆ ಕೊಟ್ಟಷ್ಟು ಕೊಡುತ್ತದೆ. ಕೆಲಸಗಾರನ ಹಕ್ಕಾಗಿ ಪರಿಹಾರ ಕೇಳಲು ಅವನ ಮನೆಯವರು ಹೋದರೆ, ಕಾಲೇಜಿನ ವಕೀಲರು ಅವನು ನೌಕರನಲ್ಲ ಎಂದೇ ವಾದಿಸುತ್ತಾರೆ.